ಮಂಡಿಯ ಕೆಳಗೊಂದು ದಿಂಬು

ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವರು: ಎರಡು ವಾರದ ಹಿಂದೆ ಎಡ ಮಂಡಿಯ ಕೀಲು ಬದಲಾಯಿಸಿಕೊಂಡ ನನ್ನ ಯಜಮಾನರು, ಅವರನ್ನು ನೋಡಲು ಬಂದ ಫಿಸಿಯೋ ಹೆಲೆನ್, ಮತ್ತು ನಾನು. (ಮೂವತ್ತು ವರ್ಷ ಮೂಳೆ ವಾರ್ಡಿನ ಸಿಸ್ಟರ್ ಆಗಿದ್ದವಳು. ವಾರ್ಡಿನ ವರದಿಯ ಹಾಗೆ ಶುರು ಮಾಡದಿದ್ದರೆ ನನಗೆ ಬರೆಯಲು ಬರುವುದಿಲ್ಲ.)

ಹೆಲೆನ್ ಹೊದಿಕೆ ಸರಿಸಿದಳು. ಮಂಡಿಯ ಕೆಳಗೆ ಒಂದು ದುಂಡನೆಯ ದಿಂಬು. ಕಸೂತಿ ಬೇರೆ!

ಅವಳು ದಿಂಬು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಸಿಸ್ಟರ್, ನಿಮ್ಮ ಮನೆಯಲ್ಲೇ?" ಅಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಇದೇ ಹೆಲೆನ್‌ಗೆ ದಿಂಬಿನ ಪಾಠ ಹೇಳಿದ್ದು ನಾನೇ.

ಪಾಠ ಸುಲಭ. ಆಪರೇಷನ್ ಆದ ಮಂಡಿಗೆ ಬಾಗಿಕೊಂಡಿದ್ದರೆ ಹಾಯೆನಿಸುತ್ತದೆ. ಕೆಳಗೆ ದಿಂಬಿಟ್ಟರೆ ಸ್ವರ್ಗ. ಆದರೆ ಬಾಗಿಕೊಂಡೇ ವಾಸಿಯಾದ ಮಂಡಿ ಮತ್ತೆ ನೆಟ್ಟಗಾಗುವುದಿಲ್ಲ. ಆಮೇಲೆ ಕುಂಟಿಕೊಂಡೇ ಓಡಾಡಬೇಕು. ಅದಕ್ಕೇ ಸುತ್ತಿದ ಟವೆಲ್ ಹಿಮ್ಮಡಿಯ ಕೆಳಗೆ, ಮಂಡಿಯ ಕೆಳಗೆ ಖಾಲಿ. ವಾರ್ಡಿನಲ್ಲಿ ನಾನು ಕಿತ್ತುಕೊಂಡ ದಿಂಬುಗಳಿಗೆ ಲೆಕ್ಕವಿಲ್ಲ. ತಿಂದ ಬೈಗುಳಕ್ಕೂ!

ಹಾಗಿದ್ದರೆ ನಮ್ಮ ಮನೆಗೆ ದಿಂಬು ಬಂದದ್ದು ಹೇಗೆ?

ದಾಕ್ಷಿಣ್ಯದಿಂದ. ಕಳೆದ ಗುರುವಾರ ಪಕ್ಕದ ಬೀದಿಯ ಶಾಹೀನ್ ಬಂದಿದ್ದಳು. ಹುಬ್ಬಳ್ಳಿಯವಳು, ಕಂಪ್ಯೂಟರ್ ಕೆಲಸ. ರೋಗಿ ನೋಡಲು ಬರಿಗೈಲಿ ಹೋಗುವ ಜನವೇ ನಾವು? ತಾನೇ ಹೊಲಿದು, ಹತ್ತಿ ತುಂಬಿದ ದಿಂಬು ತಂದಿದ್ದಳು. "ಭಾವಾರ ಕಾಲಿಗೆ ಆರಾಮ ಆಗ್ಲಿ" ಅಂತ ತನ್ನ ಕೈಯಾರೆ ಮಂಡಿಯ ಕೆಳಗಿಟ್ಟಳು. ಇವರು ಕಣ್ಣು ಮುಚ್ಚಿ "ಆಹಾ" ಅಂದರು. ಅವಳ ಎದುರಿಗೇ ತೆಗೆಯುವುದು ಹೇಗೆ? ಹೋದ ಮೇಲೆ ತೆಗೆದರಾಯಿತು ಅಂದುಕೊಂಡೆ. ಅವಳು ಹೋದಳು. ಇವರು ಬಿಡಲಿಲ್ಲ. "ನೋವು ನಿನಗೋ ನನಗೋ?" ಅಂದರು. ಅಡುಗೆ, ಮಾತ್ರೆ, ಐಸು, ಬಾತ್‌ರೂಮು ಎಂದು ದಿನವಿಡೀ ಓಡಾಡಿ ನಾನೂ ಸೋತಿದ್ದೆ. ಇನ್ನೊಂದು ಜಗಳಕ್ಕೆ ಶಕ್ತಿ ಇರಲಿಲ್ಲ. ಜೊತೆಗೆ ಶಾಹೀನ್ ದಿನಾ ಬರುವವಳು, ದಿಂಬು ಕಾಣದಿದ್ದರೆ ನೊಂದುಕೊಂಡಾಳು. ಹೀಗೆ ಐದು ದಿನ.

ಹೆಲೆನ್ ಕಾಲು ಚಾಚಿಸಿದಳು. ಮಂಡಿಯ ಹಿಂದೆ ನನ್ನ ಮುಷ್ಟಿ ತೂರುವಷ್ಟು ಸಂದು ಉಳಿಯಿತು. "ಎರಡು ವಾರ ಕೊಡ್ತೀನಿ. ನೆಟ್ಟಗಾಗದಿದ್ದರೆ ಮತ್ತೆ ಸರ್ಜನ್ ಹತ್ತಿರ" ಅಂದಳು. ಅವಳು ಅತ್ತ ಹೋದದ್ದೇ ತಡ, ಇವರು ದಿಂಬನ್ನು ಮತ್ತೆ ಮಂಡಿಯ ಕೆಳಗೆ ಸೇರಿಸಿಕೊಂಡರು.

ನಿಮಗೆ ಹೇಳಿಲ್ಲ ಅಲ್ಲವೇ, ನನ್ನ ಬಲ ಮಂಡಿಯೂ ಸವೆದಿದೆ. ಮೂಳೆಗೆ ಮೂಳೆ ಉಜ್ಜುತ್ತಿದೆ. ವೇಟಿಂಗ್ ಲಿಸ್ಟಿನಲ್ಲಿ ಹೆಸರಿದೆ. ಪತ್ರ ಯಾವತ್ತಾದರೂ ಬರಬಹುದು. ಇವರು ಎದ್ದು ನಿಂತರೆ ತಾನೇ ನಾನು ಮಲಗುವುದು?

ಮಧ್ಯಾಹ್ನ ಮೂರಕ್ಕೆ ಶಾಹೀನ್ ಸೂಪ್ ತಂದಳು. ನಾನು ಅವಳನ್ನು ಅಡುಗೆಮನೆಗೆ ಕರೆದು ಎಲ್ಲ ಹೇಳಿದೆ. ಮುಖ ಸಪ್ಪಗಾಗುತ್ತದೆ ಅಂದುಕೊಂಡಿದ್ದೆ.

ಅವಳಿಗೆ ಸಿಟ್ಟು ಬಂತು. "ಅಲ್ರೀ ಅಕ್ಕಾ, ಗುರುವಾರನ ಹೇಳಾಕ ಏನಾಗಿತ್ರಿ? ನಂಗೇನ್ ಗೊತ್ತು, ನಾ ಏನ್ ನರ್ಸ್ ಏನ್ರಿ? ಭಾವಾರ ಕಾಲು ದೊಡ್ಡದೋ, ನನ್ನ ದಿಂಬು ದೊಡ್ಡದೋ?"

ಸೀದಾ ಒಳಗೆ ಹೋಗಿ ದಿಂಬು ಎಳೆದೇಬಿಟ್ಟಳು. ಇವರು ಕೂಗಿಕೊಂಡರು. "ಕೂಗ್ರಿ ಭಾವಾ, ಚೊಲೋ ಕೂಗ್ರಿ" ಅನ್ನುತ್ತ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಹೋದಳು. ಒಂದು ನಿಮಿಷದ ಕೆಲಸ! ಐದು ದಿನ ನಾನು ಯಾರ ಮನಸ್ಸು ಕಾಪಾಡುತ್ತಿದ್ದೆ? ಅವಳದ್ದೋ, ಒಳ್ಳೆಯವಳು ಅನ್ನಿಸಿಕೊಳ್ಳಬೇಕೆಂಬ ನನ್ನದೋ?

ಸಂಜೆ ಏಳಕ್ಕೆ ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟೆ. "ತೊಡೆ ಬಿಗಿ ಮಾಡಿ. ಮಂಡಿ ಕೆಳಗೆ ಒತ್ತಿ. ಒಂದು, ಎರಡು..."

"ಸಾಕು ಕಣೇ!"

"ಇನ್ನೂ ಮೂರು."

"ಆ ಪೇಷಂಟ್‌ಗಳು ನಿನ್ನನ್ನ ಹೇಗೆ ಸಹಿಸಿಕೊಂಡ್ರೋ!"

"ಅವರೆಲ್ಲ ನೆಟ್ಟಗೆ ನಡ್ಕೊಂಡು ಮನೆಗೆ ಹೋದ್ರು ರೀ."

ಅವರು ಅತ್ತ ತಿರುಗಿಕೊಂಡರು. ಹತ್ತು ಸಲ ಒತ್ತಿಸಿದೆ, ಐಸ್ ಇಟ್ಟೆ, ಇಪ್ಪತ್ತು ನಿಮಿಷಕ್ಕೆ ತೆಗೆದೆ. ಮುಷ್ಟಿ ತೂರಿಸಿ ನೋಡಿದೆ, ಇನ್ನೂ ತೂರುತ್ತದೆ. ಅದನ್ನೂ ಬರೆದಿಟ್ಟೆ. ಏಳೂ ಮುಕ್ಕಾಲು, ಇವತ್ತಿನ ಕೊನೆಯ ಕೆಲಸ ಮುಗಿಯಿತು.

ಕಾಯಿಲೆ ಬಿದ್ದವರನ್ನು ಮುದ್ದು ಮಾಡಲು ಮನೆ ತುಂಬ ಜನ ಇರುತ್ತಾರೆ. ಅವರ ಒಳ್ಳೆಯದಕ್ಕಾಗಿ ಅವರಿಂದಲೇ ಬೈಸಿಕೊಳ್ಳಲು ತಯಾರಿರುವವರು ಎಷ್ಟು ಜನ?