ತಾಂಡೂರಿನಲ್ಲಿ ಹಾಕಿಸಿದ ಪೈಪು

…ಇಲ್ಲ, ಆ ಮಾತನ್ನು ಅವನು ಜಹೀರಾಬಾದಿನಲ್ಲೇ ಹೇಳಿರಬೇಕು. ಅಥವಾ ತಾಂಡೂರಿನಲ್ಲಿ ಹೇಳಿದ್ದನ್ನು ನಾನು ಹಿಂದಕ್ಕೆ ಎಳೆದು ತಂದು ಜಹೀರಾಬಾದಿನ ಅಂಗಡಿಯ ಮುಂದೆ ನಿಲ್ಲಿಸಿದ್ದೇನೆ. ನೆನಪು ಜಾಗ ಬದಲಿಸುವಾಗ ನಮ್ಮನ್ನು ಕೇಳುವುದಿಲ್ಲ. ಮಾತು ಮಾತ್ರ ಇದೇ: "ಗಾಡಿ ನಾ ನೋಡಿಲ್ಲ ಅಳಿಯಾ. ಅದರ ದನಿ ಕೇಳೀನಿ. ಇನ್ನೊಮ್ಮಿ ಕೇಳಿದ್ರ ಬಿಡಂಗಿಲ್ಲ."

ಹೇಳಿದವನು ನನ್ನ ಹೆಂಡತಿಯ ಅಣ್ಣ. ನಾರಾಯಣಖೇಡದಿಂದ ನಾಗಲಗಿದ್ದದ ಕಡೆ ಹೋಗುವ ದಾರಿಯಲ್ಲಿರುವ ಒಂದು ಊರಿನಲ್ಲಿ ಕುರಿ ಸಾಕುತ್ತಾನೆ. ಆ ಬೇಸಿಗೆಯಲ್ಲಿ ಯಾರೋ ಗಾಡಿ ತಂದು, ಅವನ ದೊಡ್ಡಿಯಿಂದ ಅರ್ಧ ಹಿಂಡನ್ನು ತುಂಬಿಕೊಂಡು ಹೋಗಿದ್ದರು. ಅವನು ಆಗ ಊಟಕ್ಕೆ ಮನೆಗೆ ಬಂದಿದ್ದ. ತಟ್ಟೆಯ ಮುಂದೆ ಕೂತಿದ್ದಾಗ ದೂರದಲ್ಲಿ ಗಾಡಿಯೊಂದು ಏರು ಹತ್ತುವ ಸದ್ದು ಕೇಳಿತು. ಯಾರದೋ ಇರಬೇಕೆಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆ ರೊಟ್ಟಿಯ ವಿಷಯವನ್ನು ಅವನು ಒಮ್ಮೆ ಮಾತ್ರ ಹೇಳಿದ್ದಾನೆ.

ನಮ್ಮ ಹಳೆಯ ಗಾಡಿಯ ಸೈಲೆನ್ಸರು ಅದೇ ದಿನಗಳಲ್ಲಿ ತುಕ್ಕು ಹಿಡಿದು ತೂತಾಗಿತ್ತು. ಎತ್ತರದ, ಏಳು ಜನ ಕೂರುವ, ಕಂಪನಿಯವರೇ ಮಾಡುವುದನ್ನು ನಿಲ್ಲಿಸಿದ ಗಾಡಿ. ಅಸಲಿ ಸೈಲೆನ್ಸರು ಎಲ್ಲೂ ಸಿಗುತ್ತಿರಲಿಲ್ಲ. ಹೊರಗಿನವರು ಮಾಡಿದ್ದರಲ್ಲೇ ಒಂದನ್ನು ಆರಿಸಬೇಕಿತ್ತು. ನಾನೂ ಬರ್ತೀನಿ ಎಂದ ಹೆಂಡತಿಯ ಅಣ್ಣ. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಒಂದಿಷ್ಟು ಊರು ಸುತ್ತಲಿ ಎಂದುಕೊಂಡೆ. ಹಾಗೆಂದುಕೊಂಡೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ.

ಜಹೀರಾಬಾದಿನ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಪೈಪುಗಳನ್ನು ಕಬ್ಬಿನ ಜಲ್ಲೆಯ ಹಾಗೆ ಗೋಡೆಗೆ ಒರಗಿಸಿದ್ದರು. ನಾನು ತಗಡಿನ ದಪ್ಪ ನೋಡಿದೆ, ಬೆಸುಗೆ ನೋಡಿದೆ. ಅವನು ಯಾವುದನ್ನೂ ಮುಟ್ಟಲಿಲ್ಲ. "ಹಚ್ಚಿ ರೇಸ್ ಕೊಡ್ರಿ, ದನಿ ಕೇಳೂಣು" ಎಂದ. ಒಂದು ಹಚ್ಚಿದರು. ಬೇಡ. ಇನ್ನೊಂದು. ಬೇಡ.

ಅಂಗಡಿಯವನು ಕೈ ಒರೆಸಿಕೊಳ್ಳುತ್ತ ನಕ್ಕ. "ಕ್ಯಾ ಭಾಯ್, ಹೆಣ್ಣು ನೋಡಾಕ ಬಂದೀರೇನ್ರಿ? ಒಂದೊಂದಕ್ಕೂ ಹಾಡು ಹಾಡಸ್ತೀರಲ್ಲ!"

"ಹೆಣ್ಣಾದ್ರ ಒಮ್ಮಿ ನೋಡಿ ಹೂಂ ಅಂತಿದ್ದೆ," ಎಂದ ಅವನು. ಅವನೂ ನಕ್ಕಿದ್ದ. ಅಲ್ಲಿಯವರೆಗೂ ನಗುವುದು ಸಾಧ್ಯವಿತ್ತು.

ಅಲ್ಲಿ ಒಪ್ಪಿಗೆಯಾಗಲಿಲ್ಲ. ತಾಂಡೂರಿಗೆ ಹೋದೆವು. ದಾರಿಯಲ್ಲಿ ಆ ಸದ್ದು ಹೇಗಿತ್ತೆಂದು ಕೇಳಿದೆ. ಕಳ್ಳತನವಾದ ಮರುದಿನ ತಂಗಿಗೆ ಫೋನಿನಲ್ಲಿ ಅವನು ಹೇಳಿದ್ದು, ಬೀಸುವ ಕಲ್ಲು ತಿರುಗಿದ ಹಾಗಿತ್ತು ಎಂದು. ಈಗ ಹೇಳಿದ್ದು ಬೇರೆ: "ಮುದುಕ ಕೆಮ್ಮಿದಂಗ. ರೇಸಿನ ಮ್ಯಾಲಿಂದ ಕಾಲು ತೆಗದಾಗ ಎರಡು ಸಲ ಕೆಮ್ಮತದ." ಬೀಸುವ ಕಲ್ಲು ಕೆಮ್ಮುವುದಿಲ್ಲ. ಹಾಗೆಂದು ನಾನು ಹೇಳಿದೆನೇ? ಹೇಳಿದ ನೆನಪಿದೆ. ಅವನಿಗೆ ಮಾತ್ರ ನಾನು ಅದನ್ನು ಹೇಳಿದ ನೆನಪಿಲ್ಲ.

ತಾಂಡೂರಿನಲ್ಲಿ ಎಲ್ಲದರ ಮೇಲೂ ಹಾಸುಗಲ್ಲು ಕೊಯ್ದ ಪುಡಿ. ಗ್ಯಾರೇಜಿನ ಉಸ್ತಾದನ ಹುಬ್ಬಿನ ಮೇಲೂ. ಅವನು ಗಾಡಿಯ ಕೆಳಗೆ ಮಲಗಿ ಒಂದು ಪೈಪು ಹಚ್ಚಿದ, ತೆಗೆದ. ಮತ್ತೊಂದು ಹಚ್ಚಿದ. ನಾನು ರೇಸ್ ಕೊಟ್ಟು ಕಾಲು ತೆಗೆದೆ. ಪೈಪು ಎರಡು ಸಲ ಕೆಮ್ಮಿತು.

ಇದನ್ನು ಇನ್ನೊಮ್ಮೆ ಬರೆಯುತ್ತೇನೆ. ಪೈಪು ಏನೋ ಸದ್ದು ಮಾಡಿತು. ನಾನು ಅವನ ಮುಖ ನೋಡಿದೆ. ಆಮೇಲೆ ಆ ಸದ್ದು ಕೆಮ್ಮಾಯಿತು.

ಅವನು ಗಾಡಿಯ ಹಿಂದೆ ಹೊಗೆಯಲ್ಲೇ ನಿಂತಿದ್ದ. "ಇನ್ನೊಮ್ಮಿ," ಎಂದ. ಕೊಟ್ಟೆ. "ಇನ್ನೊಮ್ಮಿ." ಆಮೇಲೆ ಬಹಳ ಮೆತ್ತಗೆ ಉಸ್ತಾದನನ್ನು ಕೇಳಿದ: "ಇಂಥಾದ್ದು ಇಂಥಾ ಗಾಡಿಗೆ ಮತ್ತ್ಯಾರಿಗೆ ಹಾಕೀರಿ?"

"ಹಾಂ, ಧಾರೂರ ಕಡಿಯವನೊಬ್ಬ ಒಯ್ದಾನ. ನಿಮ್ಮಂಥಾದ್ದೇ ಗಾಡಿ. ಸಂತಿಗೆ ಕಾಯಿಪಲ್ಯ ಬಾಡಿಗಿ ಹೊಡೀತಾನ." ಅಷ್ಟು ಹೇಳಿ ಉಸ್ತಾದ ನಮ್ಮಿಬ್ಬರ ಮುಖ ನೋಡಿದ. "ಯಾಕ್ರಿ? ಭಾಳ ಮಂದಿ ಇಂಥಾವೇ ಹಾಕಸ್ತಾರ. ಅದೇ ಪೈಪ್ ಬ್ಯಾರೆ ಗಾಡಿಗೆ ಬ್ಯಾರೆ ಥರಾ ಕೂಗ್ತದ ನೋಡ್ರಿ."

ಎರಡನೆಯ ಮಾತು ಹೆಂಡತಿಯ ಅಣ್ಣನ ಕಿವಿಗೆ ಬೀಳಲಿಲ್ಲ. ಅವನಿಗೆ ಧಾರೂರು ಸಿಕ್ಕಿತ್ತು.

ಅದನ್ನೇ ಹಾಕಿಸು ಎಂದ. ನಮ್ಮ ಗಾಡಿಗೆ ಬೇರೆ ಯಾವುದೂ ಅದಕ್ಕಿಂತ ಚೆನ್ನಾಗಿ ಕೂರುತ್ತಿರಲಿಲ್ಲ ಎಂಬುದೂ ನಿಜ. ಹಳೆಯದನ್ನು ಅಲ್ಲೇ ಗುಜರಿಗೆ ಎಸೆದು ಹೊರಟೆವು. ಯಾಕೆ ಇದೇ ಎಂದು ಅವನು ದಾರಿಯಲ್ಲಿ ಹೇಳಿದ. "ಕುರಿಗೋಳಿಗೆ ಕೇಳಸಬೇಕು. ನನ್ನ ಕಿವಿ ಸುಳ್ಳು ಅಂತೀದಿ. ಅವುಗಳ ಕಿವಿ ಸುಳ್ಳೇನು?"

ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಉಳಿದ ಕುರಿಗಳು ದೊಡ್ಡಿಯಲ್ಲಿದ್ದವು. ಯಾರು ಹೇಳಿದ್ದರೋ, ಬೇಲಿಯ ಪಕ್ಕ ನಾಲ್ಕಾರು ಮಂದಿ ಬಂದು ನಿಂತಿದ್ದರು. ಏರು ಹತ್ತಿಸಿ ಕಾಲು ತೆಗಿ ಎಂದ. ತೆಗೆದೆ. ಕುರಿಗಳು ಒಂದೇ ಕಡೆ ನುಗ್ಗಿ, ಮೂಲೆಯಲ್ಲಿ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತವು. ಒಂದೂ ಅರಚಲಿಲ್ಲ. ನನ್ನ ಗಾಡಿಯನ್ನು ಕಂಡರೆ ಬಾಲ ಅಲ್ಲಾಡಿಸುತ್ತ ಓಡಿ ಬರುವ ನಾಯಿ ಎತ್ತಿನ ಬಂಡಿಯ ಕೆಳಗೆ ಹೋಗಿ ಕೂತಿತು.

"ನೋಡಿದ್ರೇನು?" ಎಂದ. ನನಗಲ್ಲ, ಬೇಲಿಯ ಪಕ್ಕದವರಿಗೆ.

"ಹೊಸಾ ದನಿ ಯಾವುದಾದ್ರೂ ಹಿಂಗೇ ಮಾಡ್ತಾವ ಅಣ್ಣಾ," ಎಂದೆ. ಜಹೀರಾಬಾದಿನ ಪೈಪು ಹಚ್ಚಿದ್ದರೂ ಹೀಗೇ ನುಗ್ಗುತ್ತಿದ್ದವು ಎಂದೆ. ಹಳೆಯ ಸೈಲೆನ್ಸರು ಇದ್ದಿದ್ದರೆ ಬಿಚ್ಚಿ ಹಾಕಿ ತೋರಿಸಬಹುದಿತ್ತು.

ಬೇಲಿಯ ಪಕ್ಕದ ಒಬ್ಬ ಮುದುಕ ಬೀಡಿ ಹಚ್ಚುತ್ತ ಅಂದ: "ಅಳಿಯಂದ್ರು ಪ್ಯಾಟಿಯವರು. ಕುರಿ ಮಾತಾಡಿದ್ರೂ ಸಾಕ್ಷಿ ಬೇಕಂತಾರ." ಎಲ್ಲರೂ ನಕ್ಕರು. ಆ ನಗು ಬೇಗ ನಿಂತಿತು. ಧಾರೂರಿಗೆ ಯಾವ ಹೊತ್ತಿಗೆ ಹೊರಟರೆ ಸಂತೆಗೆ ಮುಂಚೆ ಅವನು ಮನೆಯಲ್ಲಿ ಸಿಗುತ್ತಾನೆ ಎಂಬ ಮಾತು ಶುರುವಾಯಿತು. ಅವನು ಎಂದರೆ ಯಾರು? ಹೆಸರು ಯಾರಿಗೂ ಗೊತ್ತಿರಲಿಲ್ಲ. ಕಾಯಿಪಲ್ಯ ಹೊಡೆಯುವವನು. ಕೆಮ್ಮುವ ಗಾಡಿಯವನು. ಕತ್ತಲಾಗುವಷ್ಟರಲ್ಲಿ ಅವನು ಬರೀ "ಆ ಕಳ್ಳ" ಆಗಿದ್ದ.

ಬೆಳಿಗ್ಗೆ ಹೆಂಡತಿಯ ಅಣ್ಣ ಗಾಡಿಯ ಕೀಲಿ ಕೇಳಿದ. ಎರಡೂ ಗಾಡಿ ಪಕ್ಕದಲ್ಲಿ ನಿಲ್ಲಿಸಿ ದನಿ ಹೊಂದಿಸಿ ನೋಡಬೇಕಂತೆ.

"ನೋಡಿ ಏನ್ ಮಾಡ್ತಿ?" ಎಂದೆ.

"ಕೇಳ್ತೀನಿ."

"ಕೇಳಾಕ ಇಷ್ಟು ಮಂದಿ ಯಾಕ?"

ನಾನು ಕೀಲಿ ಕೊಡಲಿಲ್ಲ. ಅಂವಾ ಅಲ್ಲದಿದ್ದರೆ ಏನು ಮಾಡ್ತಿ ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ. ಕದ್ದವನ ಪೈಪು ಹಾಕಿಕೊಂಡು ನಿಂತವನನ್ನು ನೋಡುವ ಹಾಗೆ. ಅವನೂ ಬೇಲಿಯ ಪಕ್ಕ ನಿಂತಿದ್ದವರೂ ಮೂರು ಮೋಟಾರು ಸೈಕಲ್ಲುಗಳಲ್ಲಿ ಹೊರಟರು. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಹೋಗ್ಯಾನ," ಎಂದಳು. ಅಷ್ಟೇ. ಧಾರೂರಿನಲ್ಲಿ ಗುರುತಿನವರು ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದೆ. ಇರಲಿಲ್ಲ. ಉಸ್ತಾದನಿಗೆ ಫೋನು ಮಾಡೋಣವೆಂದರೆ ಅವನ ನಂಬರು ನಮ್ಮ ಹತ್ತಿರ ಇರಲಿಲ್ಲ. ಮಧ್ಯಾಹ್ನದವರೆಗೆ ಕಾದು, ನಾವೇ ಹಿಂದೆ ಹೋಗೋಣ ಎಂದಳು, ಆ ವಾರ ತವರಿನಲ್ಲೇ ಇದ್ದ ನನ್ನ ಹೆಂಡತಿ. ಹೊರಟೆವು. ತಾಂಡೂರು ದಾಟುವ ಮುಂಚೆಯೇ ಅವರು ಎದುರಿಗೆ ಬಂದರು, ತಿರುಗಿ ಊರಿಗೆ. ಮೋಟಾರು ಸೈಕಲ್ಲುಗಳು ನಿಲ್ಲಲಿಲ್ಲ. ಅವನು ಹಿಂದಿನ ಸೀಟಿನಲ್ಲಿ ಕೂತಿದ್ದ. ನಮ್ಮ ಗಾಡಿಯ ಸದ್ದು ಕೇಳಿಯೂ ತಲೆ ಎತ್ತಲಿಲ್ಲ.

"ಆತು. ಮಾತಾಡಿ ಬಂದ್ವಿ," ಎಂದು ಆಮೇಲೆ ತಂಗಿಗೆ ಹೇಳಿದನಂತೆ. ಯಾರ ಜೊತೆ, ಏನು ಎಂದು ಅವಳು ಕೇಳಿದ್ದಕ್ಕೆ ಕುರಿಗಳಿಗೆ ನೀರು ಕುಡಿಸಬೇಕು ಎಂದು ಫೋನು ಇಟ್ಟ. ಜೊತೆಗೆ ಹೋದವರಲ್ಲಿ ಒಬ್ಬ, ಅಂಥ ಗಾಡಿಯೇ ಸಿಗಲಿಲ್ಲ ಎಂದ. ಇನ್ನೊಬ್ಬ, ಸಿಕ್ಕಿತ್ತು, ಆದರೆ ಅದು ಕೆಮ್ಮುತ್ತಿರಲಿಲ್ಲ ಎಂದ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ತಡೆಯದೆ ಹೇಳಿದರು. ಕುರಿಗಳಂತೂ ಮರಳಿ ಬರಲಿಲ್ಲ. ಹೆಂಡತಿಯ ಅಣ್ಣ ಅಂದಿನಿಂದ ಯಾವ ಗಾಡಿಯ ಸದ್ದಿನ ಬಗ್ಗೆಯೂ ಮಾತಾಡಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿದ್ದಕ್ಕೋ, ಸಿಗಬಾರದ್ದು ಸಿಕ್ಕಿದ್ದಕ್ಕೋ, ನಾನು ಹೇಳಲಾರೆ.

ಧಾರೂರಿನಲ್ಲಿ ಕಾಯಿಪಲ್ಯ ಹೊಡೆಯುವ ಆ ಮನುಷ್ಯ ಕುರಿ ಕದ್ದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಬೆಳಿಗ್ಗೆ ಅವನು ಮನೆಯಲ್ಲಿ ಇದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.