ಸಂಕಕ್ಕೆ ಅಡ್ಡ ಬಂದ ಸ್ವರ

ನಮ್ಮ ವಾರ್ಡಿಗೆ ಬರಬೇಕಾಗಿದ್ದ ಸಂಕ, ಅಂದರೆ ಕಾಲುಸೇತುವೆ, ತಪ್ಪಿದ್ದು ನನ್ನ ಬಾಯಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲಾದರೂ ತಪ್ಪನ್ನು ನಗರಸಭೆಯ ಮೇಲೆ ಹಾಕಿ ಜಾರಿಕೊಳ್ಳುವ ಜಾತಿಯವನು ನಾನು.

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಸ್ವರ ತೆಗೆಯುವುದು. ಕುಂಬಳೆ ಸ್ಟೇಷನ್ನಿನಲ್ಲಿ ರೈಲು ತಡವಾದದ್ದಕ್ಕೆ ವಿಷಾದಿಸುವ ಹೆಂಗಸು, ಬದಿಯಡ್ಕ ಬಸ್ಸಿನ ಕಂಡಕ್ಟರ್, ಲಗ್ನಪತ್ರಿಕೆ ಓದಿದ ಹಾಗೆ ನಿಧಾನವಾಗಿ ಬೈಯುವ ನನ್ನ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ಸ್ವಂತ ಸ್ವರಕ್ಕೆ ಮಾತ್ರ ಅಲ್ಲಿ ಜಾಗ ಸಾಲಲಿಲ್ಲ. ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ನನಗೆ ಅತಿ ಹೆಚ್ಚು ಚಪ್ಪಾಳೆ ತಂದುಕೊಟ್ಟವರು ನಮ್ಮ ಕೌನ್ಸಿಲರ್. ಹಳೆಯ ಪಂಚಾಯತ್ ಅಭ್ಯಾಸದಲ್ಲಿ ಎಲ್ಲರೂ ಅವರನ್ನು ಮೆಂಬರ್ ಎಂದೇ ಕರೆಯುತ್ತಾರೆ. ಮಾತಿಗೆ ಮೊದಲು ಎರಡು ಕೆಮ್ಮು, ಮಾತಿನ ಕೊನೆಗೆ "ಎಂತ, ಸರಿಯಲ್ವಾ?" ಅಷ್ಟು ಮಾಡಿದರೆ ಮೆಂಬರ್ ತಯಾರು.

ನಮ್ಮ ಮನೆಯ ಹಿಂದೆ ಒಂದು ತೋಡು, ಸಣ್ಣ ಹಳ್ಳ. ಆಚೆ ರಸ್ತೆ, ಈಚೆ ಏಳೆಂಟು ಮನೆ. ನಡುವೆ ಇದ್ದ ಸಂಕ ಹಿಂದಿನ ಮಳೆಗಾಲದಲ್ಲಿ ಕೊಚ್ಚಿಹೋಯಿತು. ನಮಗೆಲ್ಲ ಅದು ಒಂದು ಉಪದ್ರ, ಅಷ್ಟೆ. ಪಕ್ಕದ ಮನೆಯ ಅಕ್ಕನಿಗೆ ಹಾಗಲ್ಲ. ಅವರ ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ತೋಡು ದಾಟಿಸಿ, ಆಚೆ ನಿಂತ ಆಟೋಗೆ ಹತ್ತಿಸಬೇಕು. ಕುರ್ಚಿಯ ಹಿಂದಿನ ಬಲಗಾಲು ನನ್ನ ಪಾಲಿನದ್ದು. ಚಳಿಗಾಲದಲ್ಲಿ ನೀರು ಪಾದ ಮುಳುಗುವಷ್ಟೇ. ಭಾವ ಮೇಲಿನಿಂದಲೇ ತಮಾಷೆ ಮಾಡುತ್ತಿದ್ದರು: "ನನ್ನನ್ನು ಬೀಳಿಸಿದ್ರೆ ಮೆಂಬರ್ ಸ್ವರದಲ್ಲಿ ಒಂದು ಸಂತಾಪ ಹೇಳಿಬಿಡು ಮಾರಾಯ, ಅವರಿಗೆ ಬರುವ ಖರ್ಚು ಉಳೀತದೆ."

ಆದರೆ ಮಳೆ ಹಿಡಿದರೆ ಅದೇ ನೀರು ಸೊಂಟಕ್ಕೆ ಬರುತ್ತದೆ. ಅಷ್ಟರೊಳಗೆ ಸಂಕ ಆಗಲೇಬೇಕಿತ್ತು.

ಅದಕ್ಕೆ ದಾರಿ ವಾರ್ಡ್ ಸಭೆ. ವಾರ್ಡಿನ ಜನ ಲೆಕ್ಕಕ್ಕೆ ತಕ್ಕಷ್ಟು ಸೇರಿ, ರಿಜಿಸ್ಟರಿಗೆ ಸಹಿ ಹಾಕಿ, ಆಗಬೇಕಾದ ಕೆಲಸಗಳ ಪಟ್ಟಿ ಪಾಸು ಮಾಡಿದರೆ ಅದು ನಗರಸಭೆಯ ಮುಂದಿನ ವರ್ಷದ ಬಜೆಟ್ಟಿಗೆ ಹೋಗುತ್ತದೆ. ಈ ಸಲ ಪಟ್ಟಿಯ ತಲೆಯಲ್ಲೇ ನಮ್ಮ ಸಂಕ. ಪಾಸಾದರೆ ಏಪ್ರಿಲಿನಲ್ಲೇ ಕೆಲಸ ಸುರು ಮಾಡಿಸುತ್ತೇನೆ ಎಂದು ಮೆಂಬರ್ ಅಕ್ಕನ ಜಗಲಿಯಲ್ಲಿ ಕೂತು ಮಾತು ಕೊಟ್ಟಿದ್ದರು.

ಸಭೆಯ ದಿನ ಬೆಳಿಗ್ಗೆ ನನಗೆ ಬುದ್ಧಿ ಕೈಕೊಟ್ಟಿತು. ಎರಡು ಸಲ ಕೆಮ್ಮಿ, ಮೆಂಬರರ ಸ್ವರದಲ್ಲಿ ವಾಟ್ಸಾಪಿಗೆ ಹೇಳಿದೆ: "ಇವತ್ತಿನ ಸಭೆ ಮುಂದೆ ಹೋಗಿದೆ. ಆಫೀಸರಿಗೆ ಹೊಟ್ಟೆ ಸರಿ ಇಲ್ಲ. ನೀವೆಲ್ಲ ಮನೆಯಲ್ಲಿ ಕೂತು ಕೋಳಿ ತಿನ್ನಿ. ಎಂತ, ಸರಿಯಲ್ವಾ?" ಕಳಿಸಿದ್ದು ಮೂವರು ಗೆಳೆಯರಿಗೆ. ಅವರಲ್ಲೊಬ್ಬ ನಗು ತಡೆಯಲಾರದೆ ಅದನ್ನು ವಾರ್ಡಿನ ಗುಂಪಿಗೇ ಹಾಕಿದ. ಕೋಳಿಯ ಮಾತಿಗಾದರೂ ಜನ ಸಂಶಯಪಡಬೇಕಿತ್ತು. ಆದಿತ್ಯವಾರ ಕೋಳಿ ತಿನ್ನಿ ಎಂದವನನ್ನು ಯಾರು ಸಂಶಯಪಡುತ್ತಾರೆ?

ಶಾಲೆಯ ಹಾಲಿನಲ್ಲಿ ಮೆಂಬರ್, ಹೊಟ್ಟೆ ಸರಿಯಾಗಿಯೇ ಇದ್ದ ಆಫೀಸರ್, ಮತ್ತೆ ಹದಿಮೂರು ಜನ. ಅಕ್ಕ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಬಾಗಿಲ ಕಡೆ ನೋಡಿ ನೋಡಿ ಅವರ ಕುತ್ತಿಗೆ ಸೋತಿತು. ಕೋರಂ ಇಲ್ಲ ಎಂದು ಆಫೀಸರ್ ಪುಸ್ತಕ ಮುಚ್ಚಿದರು.

ಇನ್ನೊಂದು ಸಭೆ ಕರೆಯಲಿಕ್ಕೆ ಅವಕಾಶ ಉಂಟು ಎಂದು ಗೊತ್ತಾದಾಗ ನನಗೆ ಜೀವ ಬಂದ ಹಾಗಾಯಿತು. ಮೆಂಬರ್ ಈ ಸಲ ತಮ್ಮ ನಿಜವಾದ ಗಂಟಲಿನಿಂದಲೇ ಗುಂಪಿಗೆ ಹೇಳಿಕಳಿಸಿದರು: ಬುಧವಾರ ಹತ್ತು ಗಂಟೆಗೆ ಎಲ್ಲರೂ ಬರಬೇಕು. ಅದರ ಕೆಳಗೆ ನಗುವ ಮುಖಗಳು ಸಾಲಾಗಿ ಬಂದವು. "ಈ ಸಲದ ಕೆಮ್ಮು ಸ್ವಲ್ಪ ಜಾಸ್ತಿ ಆಯ್ತು ಮಾರಾಯ," ಎಂದು ಒಬ್ಬರು ನನಗೆ ಸಲಹೆಯನ್ನೂ ಕೊಟ್ಟರು. ನಾನು ನನ್ನ ಸ್ವರದಲ್ಲಿ, ಇದು ನಾನಲ್ಲ, ಅವರೇ, ಎಂದು ಹೇಳಿದರೆ ಇನ್ನೂ ನಕ್ಕರು.

ಎರಡನೇ ಸಭೆಯೂ ನಡೆಯಲಿಲ್ಲವೆಂದೇ ಲೆಕ್ಕ. ಬುಧವಾರ ಬಂದವರು ಇಪ್ಪತ್ತು ಜನ. ಮೆಂಬರ್ ಆಫೀಸರರ ಕೈಕಾಲು ಹಿಡಿದು ಮತ್ತೊಂದು ದಿನ ಗುರುತು ಮಾಡಿಸಿದರು. ಆಮೇಲೆ ನಾವಿಬ್ಬರೂ ಮನೆಮನೆ ನಡೆದೆವು. ಅವರು ಮುಂದೆ, ನಾನು ಬಾಯಿ ಹೊಲಿದುಕೊಂಡು ಹಿಂದೆ. ಒಂದು ಮನೆಯ ಅಜ್ಜಿ ಅವರ ಮಾತು ಪೂರ್ತಿ ಕೇಳಿ, ಕುತ್ತಿಗೆ ವಾಲಿಸಿ ನನ್ನ ತುಟಿ ನೋಡಿದರು. "ಬಾಯಿ ಆಡಿಸುದು ಅವರು, ಮಾತಾಡುದು ನೀನಾ?"

ಮೆಂಬರ್ ನಗಲಿಲ್ಲ. ನನ್ನ ಕಡೆ ತಿರುಗಿ ಬೈಯಲೂ ಇಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ನಕಲು ಮಾಡಬಹುದಿತ್ತು.

ಕೊನೆಗೂ ಜನ ಸೇರಿದರು, ಪಟ್ಟಿ ಪಾಸಾಯಿತು. ಮರುದಿನ ಅದನ್ನು ಹಿಡಿದು ನಗರಸಭೆಯ ಆಫೀಸಿಗೆ ಓಡಿದೆವು. ಯೋಜನೆ ವಿಭಾಗದ ಗುಮಾಸ್ತರು ಕಂಪ್ಯೂಟರನ್ನೇ ನಮ್ಮ ಕಡೆ ತಿರುಗಿಸಿದರು. ಉಳಿದ ವಾರ್ಡುಗಳ ಚರಂಡಿ, ದೀಪ, ಕಾಂಕ್ರೀಟ್ ರಸ್ತೆ ಎಲ್ಲ ಬಜೆಟ್ಟಿನ ಪಟ್ಟಿಗೆ ಏರಿ ಆಗಿತ್ತು. "ಪಟ್ಟಿ ಕೊಡುವ ಗಡುವು ನಿನ್ನೆ ಸಂಜೆಗೆ ಮುಗಿಯಿತು. ಇನ್ನು ಸೇರಿಸ್ಲಿಕ್ಕೆ ನನ್ನ ಕೈಯಲ್ಲಿ ಇಲ್ಲ." ಮೆಂಬರ್ ರೋಗಿಯ ವಿಷಯ ಹೇಳಿದರು. ಗುಮಾಸ್ತರು ಪಾಪ, ತಲೆ ತಗ್ಗಿಸಿ ಕೇಳಿದರು, ಆದರೆ ಕಂಪ್ಯೂಟರ್ ಕೇಳಲಿಲ್ಲ. ನಗರಸಭಾಧ್ಯಕ್ಷರ ಸ್ವರವೂ ನನಗೆ ಬರುತ್ತದೆ, ಹೊರಗೆ ಹೋಗಿ ಒಂದು ಫೋನ್ ಮಾಡಿದರೆ ಹೇಗೆ ಎಂದು ನನ್ನ ಗಂಟಲು ತನ್ನಷ್ಟಕ್ಕೆ ಸಿದ್ಧವಾಯಿತು. ಮೆಂಬರ್ ನನ್ನ ಮಣಿಕಟ್ಟು ಹಿಡಿದು ಮೆತ್ತಗೆ, "ಬೇಡ," ಎಂದರು.

ಮಳೆ ಹಿಡಿಯಿತು. ಒಂದು ಮಂಗಳವಾರ ಬೆಳಿಗ್ಗೆ ಕೆಂಪು ನೀರು ತೊಡೆ ದಾಟಿತ್ತು. ಭಾವನ ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವರು ತಮಾಷೆ ಬಿಟ್ಟು ವಾರವಾಗಿತ್ತು. ಅಕ್ಕ ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಹಿಡಿದು ಮೊದಲೇ ನೀರಿಗೆ ಇಳಿದಿದ್ದರು. ನನ್ನಿಂದ ಸುಮ್ಮನಿರಲಾಗಲಿಲ್ಲ.

"ಅಕ್ಕಾ, ತಪ್ಪು ನನ್ನದೇ. ಮುಂದಿನ ವರ್ಷದ ಪಟ್ಟಿಯಲ್ಲಿ ಸಂಕ ಖಂಡಿತ ಬರ್ತದೆ. ಮೆಂಬರ್ ಹೇಳಿದ್ದಾರೆ. ಸತ್ಯವಾಗಿ ಅವರೇ ಹೇಳಿದ್ದು."

ಅಕ್ಕ ತಿರುಗಿ ನೋಡಲಿಲ್ಲ.

"ಮುಂದಿನ ವರ್ಷಕ್ಕೆ ಕಾಯ್ಲಿಕ್ಕೆ ಸಂಕಕ್ಕೆ ಆಗ್ತದೆ, ಇವರಿಗೆ ಆಗುದಿಲ್ಲ. ಬಾಯಿ ಮುಚ್ಚಿ ಕುರ್ಚಿ ಹಿಡಿ."