ಸಜ್ಜನ ನಾಯಕರೊಬ್ಬರು ಉಳಿದುಕೊಂಡಿದ್ದ ಎರಡು ದಿನ

ವಡೋದರಾದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಆಡಳಿತಾಧಿಕಾರಿಯಾಗಿದ್ದಾಗ ಅಲ್ಲಿನ ಅತಿಥಿಗೃಹದ ಉಸ್ತುವಾರಿಯೂ ನನ್ನದೇ ಆಗಿತ್ತು. ಇದ್ದದ್ದು ಆರು ಕೋಣೆ. ಅಡುಗೆಗೆ ಕುಂದಾಪುರದ ಕಡೆಯವರೊಬ್ಬರಿದ್ದರು. ಗುಡಿಸಿ ಒರೆಸುವ ಕೆಲಸಕ್ಕೆ ಐವತ್ತರ ಆಸುಪಾಸಿನ ಗುಜರಾತಿ ಹೆಂಗಸೊಬ್ಬರು ಬರುತ್ತಿದ್ದರು. ಅವರನ್ನು ನಾವೆಲ್ಲ ಬೆನ್ ಎಂದೇ ಕರೆಯುತ್ತಿದ್ದೆವು, ನಮ್ಮಲ್ಲಿ ಅಕ್ಕ ಎನ್ನುವ ಹಾಗೆ.

ಒಂದು ಚಳಿಗಾಲದಲ್ಲಿ ರಾಷ್ಟ್ರಮಟ್ಟದ ನಾಯಕರೊಬ್ಬರು ಎರಡು ದಿನ ಅಲ್ಲಿ ಉಳಿದುಕೊಳ್ಳಲು ಬಂದರು. ಅವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವವಿತ್ತು. ಸದನದಲ್ಲಿ ಎಷ್ಟೇ ಕೂಗಾಟ ನಡೆದರೂ ದನಿ ಏರಿಸದವರು, ಎದುರಾಳಿಯನ್ನು ಏಕವಚನದಲ್ಲಿ ಕರೆಯದವರು ಎಂದು ಹೆಸರಾದವರು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಪ್ಪ ಅವರ ಪಕ್ಷಕ್ಕೆ ಎಂದೂ ಮತ ಹಾಕಿದವರಲ್ಲ. ಆದರೂ ಟೀವಿಯಲ್ಲಿ ಅವರು ಬಂದರೆ ಸದ್ದು ಹೆಚ್ಚಿಸಿ ಕೇಳುತ್ತಿದ್ದರು.

ಹತ್ತಿರದಿಂದ ನೋಡಿದಾಗಲೂ ಅವರು ಹಾಗೆಯೇ ಇದ್ದರು. ಕಾರಿನಿಂದ ಇಳಿದವರೇ ಕಾವಲುಗಾರನಿಗೂ ಕೈ ಮುಗಿದರು. ರಾತ್ರಿಯ ಊಟವಾದ ಮೇಲೆ ಅಡುಗೆಮನೆಯ ಬಾಗಿಲವರೆಗೆ ಹೋಗಿ ಸಾರು ಚೆನ್ನಾಗಿತ್ತು ಎಂದರು. ಬೆನ್ ಅವರನ್ನು ಮಾತಾಡಿಸಿ, ಮೂವರು ಮಕ್ಕಳ ಹೆಸರನ್ನೂ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಮನೆಗೆ ಹೋಗಿ ಅಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು.

ಎರಡನೆಯ ದಿನ ಬೆಳಿಗ್ಗೆ ನಾಯಕರ ಕೈಗಡಿಯಾರ ಕಾಣಿಸಲಿಲ್ಲ. ಒಂಬತ್ತಕ್ಕೆ ಸಭೆಯಿತ್ತು. ಅವರು ವರಾಂಡದಲ್ಲಿ ಕುಳಿತು ಚಹಾ ಕುಡಿಯುತ್ತ ಪತ್ರಿಕೆ ಓದುತ್ತಿದ್ದರು. ಅವರ ಆಪ್ತ ಸಹಾಯಕ ಕೋಣೆಯಿಂದ ಹೊರಬಂದು, ಬೆಳಿಗ್ಗೆ ಒಳಗೆ ಯಾರು ಹೋಗಿದ್ದರು ಎಂದು ನನ್ನನ್ನು ಕೇಳಿದ. ಗುಡಿಸುವವರು ಹೋಗಿದ್ದರು ಎಂದೆ. ಬೆನ್ ಅಲ್ಲೇ ಪೊರಕೆ ಹಿಡಿದು ನಿಂತಿದ್ದರು. ಅವರ ಬಟ್ಟೆಯ ಚೀಲ ಕಂಬದ ಮೊಳೆಗೆ ತೂಗಾಡುತ್ತಿತ್ತು. ಸಹಾಯಕ ಅದನ್ನು ನೋಡಿದ, ನಂತರ ನನ್ನನ್ನು ನೋಡಿದ.

“ಬೆನ್, ಚೀಲ ಸ್ವಲ್ಪ ತೋರಿಸಿಬಿಡಿ,” ಎಂದೆ.

ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಚೀಲವನ್ನು ತಂದು ನೆಲದ ಮೇಲೆ ಸುರಿದರು. ಒಂದು ಬಾಚಣಿಗೆ, ಮಾತ್ರೆಯ ಪಟ್ಟಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಎರಡು ಥೇಪ್ಲಾ ರೊಟ್ಟಿ. ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅತಿಥಿಗೃಹದ ಸಾಬೂನಿನ ತುಂಡುಗಳು, ಅರ್ಧ ಸವೆದವು, ಏಳೋ ಎಂಟೋ ಇದ್ದವು. ಗಡಿಯಾರ ಇರಲಿಲ್ಲ. ಆದರೆ ಎಲ್ಲರ ಕಣ್ಣೂ ಆ ಸಾಬೂನಿನ ಮೇಲೆಯೇ ನಿಂತಿತು. ಸಹಾಯಕ ಮೆಲ್ಲಗೆ ನಕ್ಕ. ನಾಯಕರು ಪತ್ರಿಕೆ ತಗ್ಗಿಸಿ ಒಮ್ಮೆ ನೋಡಿದರು, ಮತ್ತೆ ಓದತೊಡಗಿದರು.

ಹತ್ತು ನಿಮಿಷದೊಳಗೆ ಗಡಿಯಾರ ಸಿಕ್ಕಿತು. ಹಿಂದಿನ ದಿನ ಬಿಚ್ಚಿಟ್ಟ ಕುರ್ತಾದ ಜೇಬಿನಲ್ಲಿ ನಾಯಕರೇ ಇಟ್ಟಿದ್ದರು. ಹೊರಡುವಾಗ ನನ್ನ ಎದುರು ನಿಂತು, ತಮ್ಮ ಮರೆವಿನಿಂದ ನಿಮಗೆಲ್ಲ ತೊಂದರೆಯಾಯಿತು, ಕ್ಷಮಿಸಬೇಕು ಎಂದರು. ಬಹಳ ಚೆಂದವಾಗಿ, ಮನಸ್ಸಿನಿಂದಲೇ ಹೇಳಿದರು. ಬೆನ್ ಆಗ ಹಿಂದಿನ ಕೋಣೆಯಲ್ಲಿ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದರು. ಅವರನ್ನು ಯಾರೂ ಕರೆಯಲಿಲ್ಲ.

ಮರುದಿನವೂ ಬೆನ್ ಹೊತ್ತಿಗೆ ಸರಿಯಾಗಿ ಬಂದರು. ಆದರೆ ಅಂದಿನಿಂದ ಅವರು ಚೀಲ ತರಲಿಲ್ಲ. ಥೇಪ್ಲಾದ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದು ಬರುತ್ತಿದ್ದರು. ನಾನು ಅದನ್ನು ಗಮನಿಸಿದ್ದೆ, ಕೇಳಲಿಲ್ಲ. ಮುಂದೆ ನನಗೆ ಅಹಮದಾಬಾದಿಗೆ ವರ್ಗವಾಯಿತು. ಅಲ್ಲಿನ ಬೋಪಾಲ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದೆವು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚುನಾವಣೆ ಬಂದಾಗಲೆಲ್ಲ ಯಾವ ನಾಯಕ ಒಳ್ಳೆಯವನು, ಯಾವನು ಬರೀ ನಾಟಕದವನು ಎಂಬ ಚರ್ಚೆ ಏಳುತ್ತದೆ. ಆಗ ನಾನು ಈ ಕತೆ ಹೇಳುತ್ತಿದ್ದೆ. ಗಡಿಯಾರ, ಸಾಬೂನು, ಕೆಳಗಿಳಿದು ಮೇಲೇರಿದ ಪತ್ರಿಕೆ. ಕೇಳಿದವರು, ಅಷ್ಟೇ ನೋಡಿ ಅವರ ಸಭ್ಯತೆ ಎನ್ನುತ್ತಿದ್ದರು. ಚೀಲ ತೋರಿಸಲು ಹೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ. ಸಹಾಯಕನೇ ಇರಬೇಕು ಎಂದುಕೊಂಡಿರುತ್ತಿದ್ದರು. ನಾನು ತಿದ್ದಲಿಲ್ಲ.

ಹೋದ ವರ್ಷ ಮದುವೆಯೊಂದಕ್ಕೆ ಸೂರತ್‌ಗೆ ಹೋಗಿದ್ದೆ. ನಮ್ಮ ಹಳೆಯ ಅಡುಗೆಯವರು ಈಗ ಅಲ್ಲಿನ ವರಾಛಾ ಬಡಾವಣೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಾರೆ ಎಂದು ತಿಳಿದು ಅಲ್ಲಿಗೂ ಹೋದೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಕೆಲಸಗಾರರು ನಿಂತುಕೊಂಡೇ ಇಡ್ಲಿ ತಿನ್ನುತ್ತಿದ್ದರು. ಅಡುಗೆಯವರು ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಗೋಡೆಯ ಟೀವಿಯಲ್ಲಿ ಅದೇ ನಾಯಕರ ಭಾಷಣ ಬರುತ್ತಿತ್ತು. ನಾನು ನನ್ನ ಕತೆ ಶುರುಮಾಡಿದೆ, ಸಾಕ್ಷಿ ಎದುರಿಗೇ ಇದ್ದಾರೆ ಎಂಬ ಧೈರ್ಯದಲ್ಲಿ.

ಅವರು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು. ಆಮೇಲೆ, “ಒಂದು ಹೇಳ್ತೇನೆ ಮೇಡಂ, ಬೇಜಾರು ಮಾಡ್ಬೇಡಿ,” ಎಂದರು. “ಆ ಸಾಬೂನು ತುಂಡು ಬಿಸಾಡುವುದು ಬೇಡ, ಮನೆಗೆ ತಗೊಂಡು ಹೋಗಿ ಅಂತ ಬೆನ್‌ಗೆ ಹೇಳಿದ್ದು ನೀವೇ ಅಲ್ವಾ? ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ್ರಿ. ನಾನು ಕೇಳಿದ್ದೇನೆ.”

ನನಗೆ ಒಡನೆ ನೆನಪಾಯಿತು. ಹೇಳಿದ್ದೆ.

“ಆ ದಿನ ಅದೊಂದು ಮಾತು ನೀವು ಹೇಳಿದ್ದಿದ್ರೆ ಸಾಕಿತ್ತು,” ಎಂದರು. ನಾನ್ಯಾಕೆ ಸುಮ್ಮನಿದ್ದೆನೋ ಗೊತ್ತಿಲ್ಲ ಎಂದೆ. ತಾನೂ ಒಳಗಿನಿಂದ ನೋಡುತ್ತ ಸುಮ್ಮನಿದ್ದವನೇ ಎಂದು ಹೇಳಿ ಅವರು ಗಲ್ಲಾದ ಕಡೆ ಹೋದರು.

ಯಾಕೆ ಸುಮ್ಮನಿದ್ದೆ ಎಂಬುದು ನಿಜವಾಗಿ ನನಗೆ ಗೊತ್ತಿತ್ತು. ದೊಡ್ಡವರ ಎದುರು, ಸರ್ಕಾರದ ಸಾಬೂನನ್ನು ಹಂಚುವ ಅಧಿಕಾರಿ ಎನಿಸಿಕೊಳ್ಳಲು ಇಷ್ಟವಿರಲಿಲ್ಲ. ಅಂಥ ಸಣ್ಣ ಕಾರಣ. ನಾಯಕರದೂ ಅಷ್ಟೇ ಸಣ್ಣದೊಂದು ಕಾರಣ ಇದ್ದಿರಬಹುದು.

ವಾಪಸು ಬರುವಾಗ ವಡೋದರಾದಲ್ಲಿ ಇಳಿದು, ಹಳೆಯ ಕಾವಲುಗಾರನನ್ನು ಕೇಳಿ ವಿಳಾಸ ಪಡೆದು ಬೆನ್ ಮನೆ ಹುಡುಕಿದೆ. ನಿವೃತ್ತಿಯಾಗಿ ಮಗಳ ಜೊತೆ ಇದ್ದರು. ಗುರುತು ಹಿಡಿದರು, ಮಂಚದ ಮೇಲೆ ಕೂರಿಸಿದರು. ನಾನು ಹೇಳಬೇಕಾದದ್ದನ್ನು ನನಗೆ ಬಂದಷ್ಟು ಗುಜರಾತಿಯಲ್ಲಿ ಹೇಳಿದೆ. ಅವರು, “ನೀವು ಹೇಳಿದ್ದನ್ನು ನೀವೇ ಮರೆತಿದ್ದೀರಿ ಅಂದುಕೊಂಡಿದ್ದೆ,” ಎಂದರು. ಆ ದಿನ ನಾನು ಮರೆತಿರಲಿಲ್ಲ ಎಂದು ಈಗ ಗೊತ್ತಾದದ್ದರಿಂದ ಅವರಿಗೆ ಸಮಾಧಾನವಾಯಿತೋ, ಇನ್ನಷ್ಟು ನೋವಾಯಿತೋ ನನಗೆ ತಿಳಿಯಲಿಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚಹಾ ಕುಡಿಯುವಾಗ ಮಾತು ನಾಯಕರ ಕಡೆ ಹೋಯಿತು. ಅವರು ಎಂಥ ಮನುಷ್ಯ ಅನಿಸುತ್ತದೆ ಎಂದು ಕೇಳಿದೆ. ಕೆಟ್ಟವರೇನಲ್ಲ, ಮಕ್ಕಳ ಹೆಸರು ಕೇಳಿದ್ದರಲ್ಲ ಎಂದರು. ಇತ್ತೀಚೆಗೆ ಟೀವಿಯಲ್ಲಿ ಬಹಳ ಸೊರಗಿದ ಹಾಗೆ ಕಾಣುತ್ತಾರೆ, ಆರೋಗ್ಯ ಸರಿಯಿಲ್ಲವೇ ಎಂದು ನನ್ನನ್ನೇ ವಿಚಾರಿಸಿದರು.